ಇದ್ದಿದ್ದರೆ ಮಾವ

ನನ್ನ ಸೋದರಮಾವನಿಗೆ ನಾಮಕರಣದಲ್ಲಿ ಇಟ್ಟ ಹೆಸರು ಬೇರೆಯೇ ಇದೆ. ಆದರೆ ನಾಸಿಕದ ಕನ್ನಡದವರಲ್ಲಿ ಯಾರನ್ನಾದರೂ ಹಿಡಿದು ‘ಇದ್ದಿದ್ದರೆ ಮಾವನ ಮನೆ ಎಲ್ಲಿ?’ ಎಂದು ಕೇಳಿದರೆ ಸಾಕು, ಗೇಟಿನವರೆಗೂ ತಂದು ಬಿಡುತ್ತಾರೆ. ಒಳಗೆ ಮಾತ್ರ ಬರುವುದಿಲ್ಲ. ಬಂದವರು ಪಾಣಿಪತ್ ಮುಗಿಯುವ ತನಕ ಎದ್ದು ಹೋಗುವಂತಿಲ್ಲ ಎಂಬುದು ಅವರಿಗೆ ಗೊತ್ತು.

ನಾಸಿಕದ ಹತ್ತಿರ ಓಝರ್‌ನಲ್ಲಿ ಮಿಗ್-21 ವಿಮಾನ ಕಟ್ಟಲೆಂದು 1964ರಲ್ಲಿ ಎಚ್‌ಎಎಲ್ ಕಾರ್ಖಾನೆ ಶುರುವಾಯಿತಲ್ಲ, ಬೆಂಗಳೂರಿನಿಂದ ಅಲ್ಲಿಗೆ ಟ್ರಂಕು ಹಾಸಿಗೆ ಹೊತ್ತುಕೊಂಡು ಹೋದವರ ಪೈಕಿ ಮಾವನೂ ಒಬ್ಬರು. ಬಾಡಿಗೆ ಮನೆ ಸ್ವಂತ ಮನೆಯಾಯಿತು, ಮಕ್ಕಳ ಬಾಯಲ್ಲಿ ಮರಾಠಿ ಬಂತು, ನಿವೃತ್ತಿಯೂ ಆಯಿತು. ಮಿಗ್-21 ಅಂದರೆ ಸಾಮಾನ್ಯವೇ? 1971ರ ಡಿಸೆಂಬರ್ 14ರಂದು ಢಾಕಾದ ಗವರ್ನರ್ ಭವನದ ಮೇಲೆ ರಾಕೆಟ್ ಸುರಿಸಿದ ವಿಮಾನ. ಬೇರೆ ಯಾರಾದರೂ ಆಗಿದ್ದರೆ ಜೀವಮಾನವಿಡೀ ಅದನ್ನೇ ಹೇಳುತ್ತಿದ್ದರು. ಮಾವ ಒಂದು ದಿನವೂ ಬಾಯಿ ಬಿಟ್ಟವರಲ್ಲ. ಒಮ್ಮೆ ಕೇಳಿದ್ದಕ್ಕೆ, “ಓಡ್ತಾ ಇರೋ ಇಂಜಿನ್ ಬಿಚ್ಚಬಾರದು ಕಣೋ” ಅಂದರು. ಗೆದ್ದ ಯುದ್ಧದಲ್ಲಿ ಅವರಿಗೆ ಕೆಲಸವಿಲ್ಲ. ಪುಲಿಕೇಶಿ ಹರ್ಷನನ್ನು ತಡೆದದ್ದು ಸರಿಯಾಗಿದೆ, ಅದಕ್ಕೆ ಕೈ ಹಾಕುವುದಿಲ್ಲ. ಕೆಟ್ಟು ನಿಂತ ಯುದ್ಧಗಳು ಮಾತ್ರ ಅವರ ಗ್ಯಾರೇಜಿಗೆ ಬರುತ್ತವೆ.

ಗ್ಯಾರೇಜಿಗೆ ಜನವರಿ ಸುಗ್ಗಿಯ ತಿಂಗಳು. ಪಾಣಿಪತ್ ಸೋತದ್ದು 1761ರ ಜನವರಿ 14, ರಕ್ಕಸತಂಗಡಿ ಸೋತದ್ದು 1565ರ ಜನವರಿ 23. ಮೊದಲನೆಯದಕ್ಕೆ ಪಕ್ಕದ ಮನೆಯ ಮರಾಠಿ ಕಾಕಾ ವಾರಸುದಾರರು, ಎರಡನೆಯದಕ್ಕೆ ಮಾವ. ಸಂಕ್ರಾಂತಿಯ ದಿನ ಕಾಕಾ ತಿಳಗೂಳ್ ತರುತ್ತಾರೆ, ಮಾವ ಎಳ್ಳುಬೆಲ್ಲ ಕೊಡುತ್ತಾರೆ. ತಿಂದು ಒಳ್ಳೆ ಮಾತಾಡಬೇಕು ಎಂಬ ಕಟ್ಟಳೆ ಎರಡೂ ಭಾಷೆಯಲ್ಲಿ ಉಂಟು. ಇಬ್ಬರೂ ಒಂದು ನಿಮಿಷ ಒಳ್ಳೆ ಮಾತಾಡಿ ಆಮೇಲೆ ವರಾಂಡದಲ್ಲಿ ಕುರ್ಚಿ ಹಾಕಿಕೊಳ್ಳುತ್ತಾರೆ.

ಕಾಕಾ ಅವರ ವಾದ ಇದು. ಪೇಶ್ವೆಯ ಮಗ ವಿಶ್ವಾಸರಾಯನಿಗೆ ಗುಂಡು ತಾಗಿದ್ದು ಕಂಡು ಮರಾಠರ ದಳಪತಿ ಸದಾಶಿವರಾವ್ ಭಾವೂ ಆನೆಯಿಂದಿಳಿದು ಕುದುರೆ ಹತ್ತಿದ. ಅಂಬಾರಿ ಖಾಲಿ ಕಂಡ ಸೈನ್ಯ ಭಾವೂ ಹೋದನೆಂದುಕೊಂಡು ಎದೆಗುಂದಿತು. ಅವನು ಆನೆಯ ಮೇಲೇ ಕೂತಿದ್ದಿದ್ದರೆ ಅಬ್ದಾಲಿ ಕಾಬೂಲಿನ ದಾರಿ ಹಿಡಿಯುತ್ತಿದ್ದ. ಮಾವನ ವಾದ ಇದರ ತದ್ವಿರುದ್ಧ. ಅಳಿಯ ರಾಮರಾಯ ಮುದಿ ವಯಸ್ಸಿನಲ್ಲಿ ಪಲ್ಲಕ್ಕಿಯಲ್ಲಿ ಕೂತು ಯುದ್ಧ ಮಾಡಿಸಿದ. ಆನೆ ನುಗ್ಗಿತು, ಬೋಯಿಗಳು ಪಲ್ಲಕ್ಕಿ ಬಿಟ್ಟು ಓಡಿದರು, ಅಹಮದ್‌ನಗರದ ಹುಸೇನ್ ನಿಜಾಮ್ ಶಾಹ ತಲೆ ತೆಗೆಸಿದ. ಇಳಿದು ಕುದುರೆ ಹತ್ತಿದ್ದಿದ್ದರೆ ಹಂಪಿ ಹಾಳಾಗುತ್ತಿರಲಿಲ್ಲ. ಒಂದು ಸಂಕ್ರಾಂತಿಗೆ ನಾನೂ ಅಲ್ಲಿದ್ದೆ. ಮಧ್ಯಾಹ್ನ ಮೂರು ಗಂಟೆಗೆ ಅತ್ತೆ ಪೊರಕೆ ಹಿಡಿದು ಬಂದರು. “ಅವನು ಇಳೀಬಾರದಿತ್ತು, ಇವನು ಇಳೀಬೇಕಿತ್ತು. ಈಗ ನೀವಿಬ್ರೂ ಕುರ್ಚಿಯಿಂದ ಇಳೀರಿ, ಗುಡಿಸಬೇಕು.”

ಮಾವನ ಗೋತ್ರ ಚಿಕ್ಕದೇನಲ್ಲ. ಅಲೆಕ್ಸಾಂಡರ್ ರೋಮಿನ ಮೇಲೆ ದಂಡೆತ್ತಿ ಬಂದಿದ್ದರೆ ಏನಾಗುತ್ತಿತ್ತು ಎಂದು ರೋಮಿನ ಇತಿಹಾಸಕಾರ ಲಿವಿ ಎರಡು ಸಾವಿರ ವರ್ಷದ ಹಿಂದೆಯೇ ಲೆಕ್ಕ ಹಾಕಿ, ರೋಮೇ ಗೆಲ್ಲುತ್ತಿತ್ತು ಅಂತ ತೀರ್ಪು ಕೊಟ್ಟಿದ್ದಾನೆ. ಖಗೋಳ ವಿಜ್ಞಾನಿ ಜಯಂತ ನಾರ್ಳೀಕರರು ಪಾಣಿಪತ್ತಿನಲ್ಲಿ ವಿಶ್ವಾಸರಾಯ ಬದುಕಿ ಮರಾಠರು ಗೆದ್ದ ಇನ್ನೊಂದು ಭಾರತವನ್ನೇ ಮರಾಠಿ ಕಥೆಯಾಗಿ ಬರೆದರು. ಅದರ ಇಂಗ್ಲಿಷ್ ರೂಪ ಹನ್ನೊಂದನೇ ತರಗತಿಯ ಪಠ್ಯಪುಸ್ತಕಕ್ಕೂ ಬಂತು. ಅದನ್ನು ಓದಿದ ದಿನದಿಂದ ಕಾಕಾ ಮಾತಿನ ದನಿಯೇ ಬದಲಾಯಿತಂತೆ. “ಸೈಂಟಿಸ್ಟೇ ಬರೆದಿದ್ದಾರೆ” ಎನ್ನುತ್ತಾರೆ. ರಕ್ಕಸತಂಗಡಿಗೆ ಅಂಥ ಒಬ್ಬ ವಿಜ್ಞಾನಿ ಸಿಗಲಿಲ್ಲವೆಂಬ ಕೊರಗು ಮಾವನಿಗೆ ಇವತ್ತಿಗೂ ಇದೆ.

ಗೆದ್ದ ಯುದ್ಧಕ್ಕೆ ಮಾವ ಕೈ ಹಾಕಿದ್ದು ಒಂದೇ ಸಲ, ಅದೂ ಮಾನ ಉಳಿಸಿಕೊಳ್ಳಲು. 1728ರ ಫೆಬ್ರವರಿಯಲ್ಲಿ ಒಂದನೇ ಬಾಜಿರಾಯ ಹೈದರಾಬಾದಿನ ನಿಜಾಮನನ್ನು ಪಾಲಖೇಡದಲ್ಲಿ ಸುತ್ತುಗಟ್ಟಿ, ನೀರು ಸಿಗದಂತೆ ಮಾಡಿ ಸಂಧಿಗೆ ಇಳಿಸಿದ. ಎರಡನೇ ಮಹಾಯುದ್ಧದ ಮಾಂಟ್ಗೊಮರಿಯೇ ಮೆಚ್ಚಿ ಬರೆದ ಯುದ್ಧ. ಹಲವು ವರ್ಷ ಮಾವ ಊರಿನಿಂದ ಬಂದ ನೆಂಟರನ್ನೆಲ್ಲ ನಾಸಿಕ ಜಿಲ್ಲೆಯ ದಿಂಡೋರಿ ಕಡೆಯ ಪಾಲಖೇಡಕ್ಕೆ ಕರೆದುಕೊಂಡು ಹೋಗಿ, “ಇಲ್ಲೇ ನೋಡಿ, ನಿಜಾಮನ ದಂಡು ಒಂದು ಹನಿ ನೀರಿಲ್ಲದೆ ಒದ್ದಾಡಿದ್ದು” ಎಂದು ತೋರಿಸುತ್ತಿದ್ದರು. ನೆಂಟರು ತಲೆದೂಗುತ್ತಿದ್ದರು. ಎದುರಿಗೆ ಪಾಲಖೇಡದ ಅಣೆಕಟ್ಟು, ಕಣ್ಣು ಹಾಯುವಷ್ಟೂ ನೀರು! ಯುದ್ಧ ನಡೆದ ಪಾಲಖೇಡ ಬೇರೆ, ಅದು ಆಚೆ ವೈಜಾಪುರದ ಹತ್ತಿರ ಎಂದು ಕಾಕಾ ಒಂದು ದಿನ ಎಲ್ಲರೆದುರು ಹೇಳಿಬಿಟ್ಟರು. ಮಾವ ಅರೆಗಳಿಗೆ ಕಣ್ಣು ಮುಚ್ಚಿ, “ನೋಡಿ, ನಿಜಾಮನೂ ನನ್ನ ಹಾಗೇ ದಾರಿ ತಪ್ಪಿ ಈ ಪಾಲಖೇಡಕ್ಕೆ ಬಂದಿದ್ದಿದ್ದರೆ ನೀರು ಸಿಕ್ಕಿ ಗೆದ್ದೇ ಬಿಡ್ತಿದ್ದ” ಅಂದರು.

ಹೋದ ವರ್ಷ ಮಾವ ಅತ್ತೆ ಇಬ್ಬರನ್ನೂ ಛತ್ರಪತಿ ಸಂಭಾಜಿನಗರಕ್ಕೆ ಕರೆದುಕೊಂಡು ಹೋಗುವ ಪಾಳಿ ನನಗೆ ಬಂತು. ಮೊದಲು ಖಡಕಿ, ಆಮೇಲೆ ಫತೇನಗರ, ಆಮೇಲೆ ಔರಂಗಾಬಾದ್, 2023ರಿಂದ ಸಂಭಾಜಿನಗರ. ಆ ಊರಿನ ಹೆಸರುಗಳ ಮೇಲೇ ಮಾವ ನಿಫಾಡದವರೆಗೆ ಮಾತಾಡಿದರು. ನಾನು ಕಾರು ಓಡಿಸುತ್ತಿದ್ದೆ, ಮಾವ ಪಕ್ಕದಲ್ಲಿ. ಅತ್ತೆ ಹಿಂದಿನ ಸೀಟಿನಲ್ಲಿ ಚಿತ್ರಾನ್ನದ ಡಬ್ಬಿಯ ಕಾವಲು. ವೈಜಾಪುರ ದಾಟಿದ ಮೇಲೆ ಮಾವ ತಮ್ಮ ಮೇರುಕೃತಿಯನ್ನು ಹೊರಗೆ ತೆಗೆದರು.

“ವಾಟರ್‌ಲೂ ಎಲ್ಲಿದೆ ಹೇಳು?”

“ಬೆಲ್ಜಿಯಂನಲ್ಲಿ.”

“ಶ್ರೀರಂಗಪಟ್ಟಣದಲ್ಲಿ ಕಣೋ!”

1799ರ ಏಪ್ರಿಲ್ 5ರ ರಾತ್ರಿ ಆರ್ಥರ್ ವೆಲ್ಲೆಸ್ಲಿ ಎಂಬ ಕರ್ನಲ್ ಸುಲ್ತಾನಪೇಟೆಯ ತೋಪಿಗೆ ನುಗ್ಗಿದ. ಕಗ್ಗತ್ತಲು. ಅಡ್ಡಕ್ಕೆ ಕಾಲುವೆ, ಮೇಲಿಂದ ಟಿಪ್ಪುವಿನ ಕಡೆಯ ರಾಕೆಟ್ಟು. ಮಂಡಿಗೆ ಗುಂಡು ತಾಗಿ, ದಾರಿ ತಪ್ಪಿ, ಜನರನ್ನು ಕಳೆದುಕೊಂಡು ಹೇಗೋ ಬಿಡಾರ ಸೇರಿಕೊಂಡ. ಬೆಳಗಾದ ಮೇಲೆ ಅದೇ ತೋಪನ್ನು ಸಲೀಸಾಗಿ ಹಿಡಿದರು. ಮೇ 4ಕ್ಕೆ ಪಟ್ಟಣವೇ ಬಿತ್ತು. ನಾಲ್ಕು ವರ್ಷದ ಮೇಲೆ ಅದೇ ವೆಲ್ಲೆಸ್ಲಿ ನಮ್ಮ ಹರಿಹರದಿಂದ ದಂಡು ಹೊರಡಿಸಿ, ಅಹಮದ್‌ನಗರದ ಕೋಟೆ ಹಿಡಿದು, 1803ರ ಸೆಪ್ಟೆಂಬರ್ 23ರಂದು ಅಸ್ಸಾಯೆಯಲ್ಲಿ ಸಿಂಧಿಯಾ ಮತ್ತು ನಾಗಪುರದ ಭೋಂಸ್ಲೆಯ ದೊಡ್ಡ ಸೈನ್ಯವನ್ನು ಸೋಲಿಸಿದ. ಸಂಭಾಜಿನಗರದಿಂದ ಈಶಾನ್ಯಕ್ಕೆ, ಈಗಿನ ಜಾಲನಾ ಜಿಲ್ಲೆಯ ಹಳ್ಳಿ ಅದು. ಹನ್ನೆರಡು ವರ್ಷಕ್ಕೆ ವಾಟರ್‌ಲೂನಲ್ಲಿ ನೆಪೋಲಿಯನ್ನನೂ ಸೋತ.

“ಆ ಗುಂಡು ಎರಡು ಮೊಳ ಮೇಲೆ ತಾಗಿದ್ದಿದ್ದರೆ ನೆಪೋಲಿಯನ್ ಇವತ್ತಿಗೂ…”

“ಇವತ್ತಿಗೂ ಬದುಕಿರ್ತಿದ್ನೇ?” ಹಿಂದಿನ ಸೀಟು ಕೇಳಿತು.

ಮಾವ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಅಸ್ಸಾಯೆಯಲ್ಲಿ ಇನ್ನೊಂದು ಅವಕಾಶವಿತ್ತಂತೆ. ಕೇಳಣಾ ನದಿ ದಾಟಲು ಕಡವಿಲ್ಲ ಎಂದು ದಾರಿ ತೋರಿಸುವವರೆಲ್ಲ ಹೇಳಿದರು. ವೆಲ್ಲೆಸ್ಲಿ ನೋಡಿದ. ಹೊಳೆಯ ಈ ದಡದಲ್ಲೊಂದು ಹಳ್ಳಿ, ಆ ದಡದಲ್ಲೊಂದು ಹಳ್ಳಿ, ಎದುರುಬದುರು. ಇಷ್ಟು ಹತ್ತಿರ ಇದ್ದವರು ಓಡಾಡದೆ ಇರುತ್ತಾರೆಯೇ? ಕಡವು ಇದ್ದೇ ಇರಬೇಕು. ಇತ್ತು. ಇಲ್ಲಿಯವರೆಗೆ ಪುಸ್ತಕದಲ್ಲಿದೆ, ಮುಂದಿನದು ಮಾವನದು. “ಆ ಎರಡು ಊರಿನವರು ಜಗಳಾಡಿ ಮಾತು ಬಿಟ್ಟಿದ್ದಿದ್ದರೆ! ಹೆಣ್ಣು ಕೊಟ್ಟು ತರೋದು ನಿಂತು, ಜಾಲಿ ಬೆಳೆದು ಕಡವು ಮುಚ್ಚಿದ್ದಿದ್ದರೆ! ನಮ್ಮವರು ಅವತ್ತೇ ಗೆಲ್ತಿದ್ರು.”

ನಾನು ಸುಮ್ಮನಿರಬೇಕಿತ್ತು. “ವೆಲ್ಲೆಸ್ಲಿ ಜೊತೆ ಮೈಸೂರಿನ ಕುದುರೆ ಸವಾರರೂ ಇದ್ದರಲ್ಲ ಮಾವ, ನಮ್ಮವರು ಅಂದರೆ ಯಾವ ಕಡೆಯವರು?” ಅಂದುಬಿಟ್ಟೆ.

“ಗಾಜು ಏರಿಸು, ಧೂಳು ಬರ್ತಿದೆ” ಅಂದರು ಮಾವ.

ದೇವಗಿರಿಯ ಬುಡದಲ್ಲಿ ಮಾವನಿಗೆ ಮತ್ತೆ ಗೆಲುವು ಬಂತು. ಈಗಿನ ದೌಲತಾಬಾದ್. ಕಡಿದು ನಿಲ್ಲಿಸಿದ ಬಂಡೆಗುಡ್ಡ, ಸುತ್ತ ಕಂದಕ, ಒಳಗೆ ಹಗಲಲ್ಲೂ ದೀಪ ಬೇಕಾಗುವ ಕತ್ತಲೆ ದಾರಿ. ಇಂಥ ಕೋಟೆ ಹೊಂದಿದ್ದ ಸೇವುಣರಿಗೆ ಕನ್ನಡದಲ್ಲಿ ಶಾಸನ ಹಾಕಿಸುವುದೆಂದರೆ ಬಲು ಪ್ರೀತಿ. ಆದ್ದರಿಂದ ಇಲ್ಲಿ ‘ನಮ್ಮವರು’ ಯಾರೆಂಬ ತಕರಾರೇ ಇಲ್ಲ. 1296ರಲ್ಲಿ ಅಲ್ಲಾವುದ್ದೀನ್ ಖಿಲ್ಜಿ, ಆಗಿನ್ನೂ ಸುಲ್ತಾನನಲ್ಲ, ಮಾವನಾದ ಜಲಾಲುದ್ದೀನನಿಗೂ ಹೇಳದೆ ಇಲ್ಲಿಗೆ ಬಂದ. ಸೇವುಣ ರಾಜ ರಾಮಚಂದ್ರದೇವನ ದೊಡ್ಡ ಸೈನ್ಯ ಮಗನ ಜೊತೆ ದೂರ ಹೋಗಿತ್ತು. ರಾಜ ಕೋಟೆ ಸೇರಿ ಬಾಗಿಲು ಹಾಕಿಕೊಂಡ. ಕೊಂಕಣದ ವರ್ತಕರು ಬಿಟ್ಟು ಓಡಿದ್ದ ಗೋಣಿಚೀಲಗಳನ್ನು ಧಾನ್ಯವೆಂದು ತಿಳಿದು ಒಳಗೆ ಸಾಗಿಸಿದ್ದರು. ಹಸಿವು ಹತ್ತಿದಾಗ ಬಿಚ್ಚಿ ನೋಡಿದರೆ ಎಲ್ಲಾ ಉಪ್ಪು! ಫೆರಿಷ್ತಾ ಹೇಳುವ ಕಥೆ. ರಾಜ ಶರಣಾದ.

“ಆ ಚೀಲದಲ್ಲಿ ಜೋಳ ಇದ್ದಿದ್ದರೆ!” ಮಾವ ಮೆಟ್ಟಿಲ ಮೇಲೆ ನಿಂತು ಕೈ ಎತ್ತಿದರು. ಶಾಲೆಯ ಮಕ್ಕಳ ಗುಂಪೊಂದು ಗೈಡ್ ಎಂದುಕೊಂಡು ಹತ್ತಿರ ಬಂತು. “ಖಿಲ್ಜಿ ಬರಿಗೈಲಿ ವಾಪಸ್. ಇಲ್ಲಿನ ಬಂಗಾರ ಇಲ್ಲದೆ ದಿಲ್ಲಿ ಗದ್ದುಗೆ ಇಲ್ಲ. ಮಲಿಕ್ ಕಾಫರ್ 1311ರಲ್ಲಿ ದ್ವಾರಸಮುದ್ರಕ್ಕೆ ಬರೋದಿಲ್ಲ. ತುಘಲಕ್ ರಾಜಧಾನೀನ ಇಲ್ಲಿಗೆ ತರೋದಿಲ್ಲ. ಹೊಯ್ಸಳರು ಹಂಗೇ ಇರ್ತಾರೆ, ಹಳೇಬೀಡಿನ ಕೆತ್ತನೆ ಕೆಲಸ ಪೂರ್ತಿ ಆಗುತ್ತೆ!”

“ಹೊಯ್ಸಳರು ಹಂಗೇ ಇದ್ರೆ 1336ರಲ್ಲಿ ವಿಜಯನಗರ ಯಾಕೆ ಹುಟ್ಟುತ್ತೆ ಮಾವ? ಹಂಪಿ ಇರಲ್ಲ. ಕೃಷ್ಣದೇವರಾಯನೂ ಇರಲ್ಲ.”

ಮಾವ ಕೈ ಇಳಿಸಿದರು. ಇಷ್ಟು ವರ್ಷದಲ್ಲಿ ಅವರು ಮಾತಿಗೆ ತಡಕಾಡಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಒಂದು ಕೈಯಲ್ಲಿ ಹಳೇಬೀಡು, ಇನ್ನೊಂದು ಕೈಯಲ್ಲಿ ಹಂಪಿ, ನಡುವೆ ಒಂದು ಚೀಲ ಜೋಳ. ಹತ್ತು ಮೆಟ್ಟಿಲು ಮೌನವಾಗಿ ಹತ್ತಿದರು. ಹನ್ನೊಂದನೆಯದರಲ್ಲಿ ಮುಖ ಅರಳಿತು.

“ವಿಜಯನಗರ ಇಲ್ಲದಿದ್ರೆ ರಕ್ಕಸತಂಗಡಿ ಸೋಲೂ ಇಲ್ಲವಲ್ಲೋ!”

ಅತ್ತೆ ಮೇಲಕ್ಕೆ ಬರದೆ ಕೆಳಗೇ ಕಲ್ಲಿನ ಮೇಲೆ ಕೂತಿದ್ದರು. ಇಳಿದು ಬಂದು ಉಪ್ಪಿನ ಕಥೆ ಹೇಳಿದೆ. “ಚೀಲ ಬಿಚ್ಚಿ ನೋಡದೆ ಸಾಮಾನು ಒಳಗೆ ಹಾಕಿಸೋದು ಗಂಡಸರ ಕೆಲಸ. ರಾಣಿಯನ್ನ ಒಂದು ಮಾತು ಕೇಳಿದ್ದಿದ್ದರೆ?” ಅಂದರು. ‘ಇದ್ದಿದ್ದರೆ’ ಅವರ ಬಾಯಿಗೂ ಬಂದಿತ್ತು. ಮಾವ ಹೆಮ್ಮೆಯಿಂದ ನನ್ನ ಕಡೆ ನೋಡಿದರು. ಇದಕ್ಕೂ ಮುಂಚೆ ಅತ್ತೆಯ ಕಡೆಯಿಂದ ಬರುತ್ತಿದ್ದ ಉತ್ತರ ಒಂದೇ: “ಅತ್ತೆಗೆ ಮೀಸೆ ಬಂದರೆ ಚಿಕ್ಕಪ್ಪ ಅಂತಾರೆ.” ಇದೇ ಗಾದೆ ಮರಾಠಿಯಲ್ಲೂ ಇರುವುದರಿಂದ ಅದನ್ನು ಕಾಕಾ ಮೇಲೂ ಪ್ರಯೋಗಿಸುತ್ತಿದ್ದರು.

ಹಿಂತಿರುಗುವಾಗ ಯೇವಲಾದಲ್ಲಿ ನಿಲ್ಲಿಸಿದೆವು. ತಾತ್ಯಾ ಟೋಪೆ ಹುಟ್ಟಿದ ಊರೆಂದು ಮಾವ 1857ರ ಕಡತ ಬಿಚ್ಚುವಷ್ಟರಲ್ಲಿ ಅತ್ತೆ ಪೈಠಣಿ ಸೀರೆಯ ಅಂಗಡಿ ಹತ್ತಿಯಾಗಿತ್ತು. ಬೆಲೆ ಕೇಳಿ ಮಾವ ಬಾಗಿಲಲ್ಲೇ ನಿಂತರು. “ಇಷ್ಟೊಂದಾ?”

ಅತ್ತೆ ಸೀರೆಯ ಸೆರಗಿನ ನವಿಲನ್ನು ಸವರುತ್ತಾ ಶಾಂತವಾಗಿ ಶುರು ಮಾಡಿದರು. “1978ರಲ್ಲಿ ನಿಮ್ಮ ಅಣ್ಣ ಜೆ.ಪಿ. ನಗರದಲ್ಲಿ ಸೈಟು ತಗೋ ಅಂತ ಕಾಗದ ಬರೆದಿದ್ರು. ದುಡ್ಡೂ ಇತ್ತು. ನೀವು ಸ್ಕೂಟರಿಗೆ ಕಟ್ಟಿದ್ರಿ. ಚೇತಕ್ ಅಂತ ಹೆಸರು ನೋಡಿ, ರಾಣಾ ಪ್ರತಾಪನ ಕುದುರೆ ಅಂತ! ಹಳದೀಘಾಟಿನಲ್ಲಿ ಪ್ರತಾಪ ಏನು ಗೆದ್ದಿದ್ನೇ? ಆ ಸೈಟು ತಗೊಂಡಿದ್ದಿದ್ದರೆ…”

ವೆಲ್ಲೆಸ್ಲಿಯ ಮಂಡಿಯಿಂದ ವಾಟರ್‌ಲೂವರೆಗೆ ದಾರಿ ಹಾಕಬಲ್ಲ ಮನುಷ್ಯ ನೆಲ ನೋಡುತ್ತಾ, “ಆಗಿದ್ದಾಯ್ತು, ಬಿಡೆ. ಹಳೇದನ್ನ ಕೆದಕಿ ಏನು ಬರುತ್ತೆ?” ಅಂದರು. ನಿಂತಲ್ಲೇ ಜೇಬಿಗೆ ಕೈ ಹೋಯಿತು. ಸೀರೆ ಬಂತು. ಚೌಕಾಸಿಯಲ್ಲಿ ಅತ್ತೆ ಇಳಿಸಿದ ಮೊತ್ತ ಕೇಳಿ ಅಂಗಡಿಯವರೇ ಅವರಿಗೆ ಚಹಾ ತರಿಸಿದರು. ನಾಸಿಕದವರೆಗೆ ಕಾರಿನಲ್ಲಿ ಯಾವ ಯುದ್ಧವೂ ನಡೆಯಲಿಲ್ಲ.

ನಾಸಿಕದ ಕಡೆ ಹೋಗುವವರಿದ್ದರೆ ಮಾವನ ಮನೆಗೆ ತಪ್ಪದೆ ಹೋಗಿ ಬನ್ನಿ. ಅತ್ತೆಯ ಕೈಯ ಬಿಸಿಬೇಳೆ ಭಾತ್ ಚೆನ್ನಾಗಿರುತ್ತದೆ. ಜನವರಿ 14ರಿಂದ 23ರವರೆಗೆ ಮಾತ್ರ ಬೇಡ. ಗೇಟಿನ ಒಳಗೆ ಗೋಣಿ ಹೊದಿಸಿ ನಿಲ್ಲಿಸಿದ ಹಳೆಯ ಸ್ಕೂಟರ್ ಒಂದು ಕಾಣುತ್ತದೆ. ಅದು ಯಾವ ವರ್ಷದ್ದು ಎಂದು ಕೇಳಬೇಡಿ.