ಫೋರ್ಕಿಗೆ ವರಾನ್ವೇಷಣೆ

ನನ್ನ ಹಳೆಯ ಮ್ಯಾಚ್‌ಲೆಸ್ ಬೈಕು ಮುಂದಿನ ಫೋರ್ಕಿನಿಂದ ಆಯಿಲ್ ಸುರಿಸತೊಡಗಿದಾಗ ವಿಜಯಪುರದ ಮೆಕ್ಯಾನಿಕ್ ತಕ್ಷಣ ಪರಿಹಾರ ಹೇಳಿದ: “ಬುಲೆಟ್ಟುದು ಹಾಕ್ಬಿಡಾಣ ಸಾರ್, ಎಲ್ಡೂ ಇಂಗ್ಲೆಂಡಿಂದೇ ತಾನೆ?” ಪಕ್ಕದಲ್ಲಿ ಪಂಕ್ಚರ್ ಹಾಕಿಸುತ್ತಿದ್ದ ರೇಷ್ಮೆಗೂಡಿನ ವ್ಯಾಪಾರಿಯೂ ಗಂಭೀರವಾಗಿ ತಲೆಯಾಡಿಸಿದರು.

ದೇಶ ಒಂದಾದರೆ ಸಾಕೇ? ಪೈಪಿನ ದಪ್ಪ, ಪೈಪುಗಳನ್ನು ಹಿಡಿದಿಡುವ ಟೀಯ ಅಗಲ, ಬುಷ್ಷಿನ ಅಳತೆ ಎಲ್ಲ ಕೂಡಿಬರಬೇಡವೇ? ವರ್ನಿಯರ್ ಹಿಡಿದ ನಾನು ಜಾತಕ ನೋಡುವ ಜೋಯಿಸನೇ ಆಗಿಬಿಟ್ಟಿದ್ದೆ. ಬುಲೆಟ್ ಬಿಡಿ, 1955ರಲ್ಲೇ ಮದರಾಸಿಗೆ ಬಂದು ನೆಲೆಸಿದ ಅಳಿಯ, ಬಿಡಿಭಾಗಕ್ಕೆ ಬರವಿಲ್ಲ. ನಮ್ಮ ಕನ್ಯೆಯ ತವರಾದರೋ 1966ರಲ್ಲೇ ದಿವಾಳಿ. ಇದಕ್ಕೆ ಒಪ್ಪುವುದು ಅದೇ ಕಾಲದ ಎಜೆಎಸ್ ಫೋರ್ಕ್. 1931ರಿಂದ ಎರಡೂ ಒಂದೇ ಮನೆಯವು, ಹಾಗಾಗಿ ಇಲ್ಲಿ ಸಗೋತ್ರವೇ ಶ್ರೇಷ್ಠ! ಅದೇ ಕಾಲದ್ದೇ ಯಾಕೆಂದರೆ, 1964ರ ಹೊತ್ತಿಗೆ ಆ ಕಂಪನಿಯೇ ತನ್ನ ದೊಡ್ಡ ಬೈಕುಗಳಿಗೆ ಸ್ವಂತ ಫೋರ್ಕ್ ಬಿಟ್ಟು ನಾರ್ಟನ್‌ನ ರೋಡ್‌ಹೋಲ್ಡರ್ ತೊಡಿಸಿತ್ತು.

ಇದು ಕಿವಿಗೆ ಬಿದ್ದದ್ದೇ ತಡ, ಮೆಕ್ಯಾನಿಕ್ಕಿನ ಕಣ್ಣು ಮೂಲೆಯ ಜಾವಾದ ಮೇಲೆ ಬಿತ್ತು. “ಕಂಪ್ನಿಯೋರೇ ಬದಲಾಯ್ಸವ್ರೆ ಅಂದ್ಮೇಲೆ ಇದೂ ಆಯ್ತದೆ ಬಿಡಿ.”

“ಅಯ್ಯೋ, ಅದು ಮೈಸೂರಿಂದು ಕಣಪ್ಪಾ!”

“ಇನ್ನೂ ಒಳ್ಳೇದೇ ಆಯ್ತಲ್ಲ ಸಾರ್, ಹತ್ರದ ಸಂಬಂಧ.”