ನಿಮ್ಮನೇಲೂ ಹೋಯ್ತಾ?

ಕರೆಂಟು ಹೋದ ಕೂಡಲೇ ಮನುಷ್ಯ ಮೇಣದಬತ್ತಿ ಹುಡುಕುತ್ತಾನೆ ಅನ್ನುವುದು ಶುದ್ಧ ಸುಳ್ಳು. ಮೊದಲು ಬಾಗಿಲಿಗೆ ಬಂದು ಎದುರುಮನೆ ನೋಡುತ್ತಾನೆ. "ಏನ್ರೀ, ನಿಮ್ಮನೇಲೂ ಹೋಯ್ತಾ?" "ಹ್ಞೂಂ ಕಣ್ರೀ, ಈಗ್ತಾನೆ." ಇಷ್ಟು ಕೇಳಿದರೆ ಅರ್ಧ ಸೆಕೆ ಇಳಿದಂತೆಯೇ.

ಹೊಟ್ಟೆಕಿಚ್ಚಿನಿಂದ ಹುಟ್ಟಿದ್ದಾದರೂ ಪರೀಕ್ಷೆ ಮಾತ್ರ ಸರಿಯಾದದ್ದೇ. ಬೀದಿಗೆಲ್ಲ ಹೋಗಿದ್ದರೆ ದೂರು ಕೊಡಬೇಕು. ನಮಗೊಬ್ಬರಿಗೇ ಹೋಗಿದ್ದರೆ ಎಂಸಿಬಿ ಬಿದ್ದಿದೆಯಾ ನೋಡಬೇಕು. ಎತ್ತಿದ ಕೂಡಲೇ ಮತ್ತೆ ಬಿದ್ದರೆ ಅದರ ಜೊತೆ ಗುದ್ದಾಡದೆ ಎಲೆಕ್ಟ್ರಿಷಿಯನ್‌ನನ್ನು ಕರೆಯಬೇಕು. (ಹಳೇ ಫ್ಯೂಸಿಗೆ ದಪ್ಪ ತಂತಿ ಸುತ್ತಿ "ಇನ್ನು ಈ ಜನ್ಮದಲ್ಲಿ ಹೋಗಲ್ಲ" ಅನ್ನುವ ಮಾವ ಎಲ್ಲ ಮನೆತನದಲ್ಲೂ ಒಬ್ಬರಿರುತ್ತಾರೆ. ನಿಜ, ಫ್ಯೂಸ್ ಹೋಗಲ್ಲ. ವೈರಿಂಗೇ ಸುಟ್ಟುಹೋಗುತ್ತೆ.)

ಈ ಪರೀಕ್ಷೆಯನ್ನು ಹಾಳುಮಾಡಿದ್ದು ಯುಪಿಎಸ್. ಎದುರುಮನೆಯಲ್ಲಿ ಉರಿಯುತ್ತಿರುವುದು ಕರೆಂಟೋ ಬ್ಯಾಟರಿಯೋ ಗೊತ್ತಾಗುವುದಿಲ್ಲ, ಬೀದಿದೀಪವನ್ನೇ ನಂಬಬೇಕು. "ಹೋಗಿದ್ದೇ ಗೊತ್ತಾಗ್ಲಿಲ್ಲಪ್ಪ" ಅನ್ನುವ ಆ ಯುಪಿಎಸ್ ಮನೆಯವರ ಗತ್ತು ಒಳಗೆ ಯಾರಾದರೂ ಮಿಕ್ಸಿ ಒತ್ತುವವರೆಗೆ ಮಾತ್ರ. ಆಮೇಲೆ ಬ್ಯಾಟರಿಗೆ ನೀರು ಹಾಕಿದ್ದು ಯಾವಾಗ ಎಂಬ ಸಂಸಾರ ಕಲಹ. ಹಾಕಬೇಕಾದ್ದು ಡಿಸ್ಟಿಲ್ಡ್ ವಾಟರ್, ನಲ್ಲಿ ನೀರಲ್ಲ. ಇನ್ನು ಕೆಲವರು ಎಷ್ಟಿದೆ ಅಂತ ಮೇಣದಬತ್ತಿ ಹಿಡಿದು ಬಗ್ಗಿ ನೋಡುತ್ತಾರೆ! ಚಾರ್ಜ್ ಆಗುವಾಗ ಬ್ಯಾಟರಿ ಬಿಡುವುದು ಹೈಡ್ರೋಜನ್ ಸ್ವಾಮಿ, ಸಾಂಬ್ರಾಣಿ ಹೊಗೆಯಲ್ಲ.

ಶಿವನಸಮುದ್ರದ ಕರೆಂಟು 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಹೋಯಿತು, 1905ರಲ್ಲಿ ಬೆಂಗಳೂರಿಗೆ ಬಂತು. ಬರುವುದಕ್ಕೆ ಕಲಿತ ಮೇಲೆ ಹೋಗುವುದಕ್ಕೂ ಕಲಿತಿರಲೇಬೇಕು. ಇಷ್ಟು ವರ್ಷವಾದರೂ ನಾವು ಮಾತ್ರ ಹೊಸದಾಗಿ ಗಾಬರಿಯಾಗುತ್ತೇವೆ. ಟಾರ್ಚಿನೊಳಗಿನ ಸೆಲ್ಲು ಸೋರಿ ಅಂಟಾಗಿರುತ್ತದೆ, ಮೊಬೈಲಿನಲ್ಲಿ ಚಾರ್ಜು ಶೇ. 4. ಮಗರಾಯ ಐಸ್‌ಕ್ರೀಂ ಕರಗಿತಾ ಅಂತ ಐದೈದು ನಿಮಿಷಕ್ಕೆ ಫ್ರಿಜ್ ತೆಗೆದು ನೋಡಿ, ತಾನೇ ಕರಗಿಸುತ್ತಾನೆ. ಬಾಗಿಲು ಮುಚ್ಚಿಟ್ಟರೆ ಸುಮಾರು 4 ಗಂಟೆ ತಂಪು ನಿಲ್ಲುತ್ತದೆ, ಆದರೆ ಕುತೂಹಲ ಅಷ್ಟು ಹೊತ್ತು ನಿಲ್ಲಬೇಕಲ್ಲ.

ನನಗೆ ಹೆಚ್ಚು ಭಯ ಬಚ್ಚಲಿನದು. ಬಕೆಟ್ಟಿನಲ್ಲಿ ಕಾಯಿಲ್ ಇಟ್ಟಿರುತ್ತಾರೆ, ಕರೆಂಟು ಹೋಗುತ್ತದೆ. "ಎಷ್ಟು ಕಾದಿದೆಯೋ ನೋಡೋಣ" ಅಂತ ಸ್ವಿಚ್ ಆರಿಸದೆ ಬೆರಳು ಅದ್ದುತ್ತಾರೆ. ಕರೆಂಟಿಗೆ ವಾಪಸ್ ಬರಲು ಅದಕ್ಕಿಂತ ಒಳ್ಳೆಯ ಮುಹೂರ್ತ ಬೇಕೆ? ಪ್ಲಗ್ ಕಿತ್ತು ಆಮೇಲೆ ಅದ್ದಿ, ತಾಯಿ. ಇಸ್ತ್ರಿಪೆಟ್ಟಿಗೆಯದೂ ಇದೇ ಕಥೆ: ಕರೆಂಟು ಹೋಯಿತೆಂದು ಶರ್ಟಿನ ಮೇಲೆಯೇ ಬಿಟ್ಟು ಮದುವೆಗೆ ಹೊರಟುಬಿಡುತ್ತಾರೆ.

ಇತ್ತ 1912ಕ್ಕೆ ಫೋನ್ ಮಾಡುವವರು ಯಾರು? ಮೂಲೆಮನೆಯವರು ಮಾಡಿರುತ್ತಾರೆ ಅಂತ ನಾವು, ನಾವು ಮಾಡಿರುತ್ತೇವೆ ಅಂತ ಮೂಲೆಮನೆಯವರು. ಒಂದು ಗಂಟೆ ಕತ್ತಲಲ್ಲಿ ಕೂತ ಮೇಲೆ ಇಬ್ಬರೂ ಒಟ್ಟಿಗೆ ಲೈನ್‌ಮನ್ನನ್ನು ಬೈಯುತ್ತಾರೆ.

ಅಷ್ಟರಲ್ಲಿ ಯಾರದೋ ಹಿತ್ತಲಲ್ಲಿ ಜನರೇಟರ್ ಶುರು. ಮಳೆ ಅಂತ ಅದನ್ನು ಒಳಗೆಳೆದು ಬಾಗಿಲು ಹಾಕಿಕೊಳ್ಳುವ ಬುದ್ಧಿವಂತರಿದ್ದಾರೆ. ಅದರ ಹೊಗೆಯಲ್ಲಿರುವ ಕಾರ್ಬನ್ ಮೋನಾಕ್ಸೈಡಿಗೆ ವಾಸನೆಯಿಲ್ಲ, ನಿದ್ದೆಯಲ್ಲೇ ಕೆಲಸ ಮುಗಿಸುತ್ತದೆ. ಅವರಿಗಿಂತ ಬುದ್ಧಿವಂತರು ಚೇಂಜ್‌ಓವರ್ ಸ್ವಿಚ್ಚಿನ ಖರ್ಚು ಉಳಿಸಿ, ವೈರನ್ನು ಸೀದಾ ಗೋಡೆಯ ಪ್ಲಗ್ಗಿಗೆ ಚುಚ್ಚುತ್ತಾರೆ. ಬೀದಿಯ ಟ್ರಾನ್ಸ್‌ಫಾರ್ಮರ್ 11,000 ವೋಲ್ಟನ್ನು ಇಳಿಸಿ ನಮಗೆ 230 ಕೊಡುತ್ತದಲ್ಲ, ಅದಕ್ಕೆ ದಿಕ್ಕಿನ ಹಂಗಿಲ್ಲ. ಇವರ ಮನೆಯಿಂದ 230 ಹಿಮ್ಮುಖ ಹರಿದರೆ ಅತ್ತ ಕಡೆ ಸಾವಿರಗಟ್ಟಲೆ ವೋಲ್ಟಾಗುತ್ತದೆ. ಲೈನ್ ಆಫ್ ಮಾಡಿಸಿ ಕಂಬ ಹತ್ತಿದವನ ಕೈ ಇರುವುದು ಅಲ್ಲೇ.

ಆದ್ದರಿಂದ ಪಳಗಿದ ಲೈನ್‌ಮನ್ ಕಂಬದ ಬುಡದಲ್ಲಿ ನಿಂತು ಮೊದಲು ಕೂಗಿ ಕೇಳುತ್ತಾನೆ: "ಯಾರ ಮನೇಲ್ರೀ ಜನರೇಟರ್ ಓಡ್ತಿರೋದು?"

"ನಮ್ಮನೇಲಿಲ್ಲಪ್ಪ" ಅನ್ನುತ್ತಾರೆ ಯಜಮಾನರು, ಹಿತ್ತಲಿನ ಡುಗುಡುಗು ಸದ್ದಿಗಿಂತ ಸ್ವಲ್ಪ ಜೋರಾಗಿ.