ಮೂರನೆಯ ಮದರ್‌ಬೋರ್ಡ್

ಲ್ಯಾಪ್‌ಟಾಪ್ ಮೊದಲ ಸಲ ಕೆಟ್ಟರೆ ಗಿರಾಕಿ ತನ್ನ ಗ್ರಹಗತಿಯನ್ನು ಬೈದುಕೊಳ್ಳುತ್ತಾನೆ, ಎರಡನೆಯ ಸಲ ಕಂಪನಿಯನ್ನು. ಮೂರನೆಯ ಸಲವೂ ಅದೇ ರೋಗ ಮರುಕಳಿಸಿದರೆ, "ಇದನ್ನ ನೀವ ಇಟಗೊಂಡು ಬ್ಯಾರೇದು ಕೊಡ್ರಿ" ಅನ್ನುತ್ತಾನೆ. ಆಗ ಸರ್ವಿಸ್ ಸೆಂಟರಿನವರ ಮುಖ ನೋಡಬೇಕು, ಅವರ ಹೊಲದಲ್ಲಿ ಪಾಲು ಕೇಳಿದ ಹಾಗಿರುತ್ತದೆ. ಆದರೆ ಗಿರಾಕಿ ಉಪಕಾರ ಬೇಡುತ್ತಿಲ್ಲ. ದುಡ್ಡು ಎಣಿಸಿಕೊಟ್ಟ ದಿನವೇ ಸಿಗಬೇಕಾಗಿದ್ದ ವಸ್ತುವನ್ನು ತಡವಾಗಿ ಕೇಳುತ್ತಿದ್ದಾನೆ, ಅಷ್ಟೆ.

ಸವಕಳಿ ಬೇರೆ, ದೋಷ ಬೇರೆ. ಇದನ್ನು ಕೃಷ್ಣೆಯ ದಂಡೆಯ ನಮ್ಮ ಸಾಂಗ್ಲಿವಾಡಿಯವರಿಗೆ ಹೇಳಿಕೊಡಬೇಕಿಲ್ಲ. ಐರ್ವಿನ್ ಸೇತುವೆ ದಾಟಿ ಸಾಂಗ್ಲಿಯ ಆಚೆಗೆ ಹೋದರೆ ಮಿರಜ, ಅಲ್ಲಿಯ ಸಿತಾರ್ ಮತ್ತು ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಸೂಚಿಕೆಯ ಮನ್ನಣೆಯೂ ಸಿಕ್ಕಿತು. ತಂತಿಯ ತಿಕ್ಕಾಟಕ್ಕೆ ತಂಬೂರಿಯ ಕುದುರೆ ಸವೆದು ನಾದ ಮಂಕಾದರೆ ಅದನ್ನು ಉಜ್ಜಿಸಿ ಮತ್ತೆ ಜವಾರಿ ಮಾಡಿಸಬೇಕು. ಅದು ಬಳಕೆಯ ಖರ್ಚು, ಯಾರೂ ಜಗಳ ತೆಗೆಯುವುದಿಲ್ಲ. ಬುರುಡೆಯೇ ಮೊದಲಿನಿಂದ ಸೀಳಿದ್ದರೆ ಮಾತು ಬೇರೆ. ಅದಕ್ಕೆ ಮೂರು ಸಲ ಅಂಟು ಮೆತ್ತಿ, "ಒಮ್ಮೆ ಆಫ್ ಮಾಡಿ ಆನ್ ಮಾಡಿ ನೋಡ್ರಿ" ಎನ್ನುವ ಧೈರ್ಯ ಮಿರಜದ ಯಾವ ಕುಶಲಕರ್ಮಿಗೂ ಇರಲಾರದು.

ಗಿರಾಕಿಗಳೂ ಸಾಧುಗಳಲ್ಲ, ತಾವೇ ಕೆಡಿಸಿ ತಂದು ಬದಲಿ ಕೇಳುತ್ತಾರೆ ಎಂಬ ಆಕ್ಷೇಪವಿದೆ. ಒಪ್ಪಬೇಕಾದದ್ದೇ. 2019ರ ಆಗಸ್ಟಿನಲ್ಲಿ ಕೃಷ್ಣೆ ಮನೆಯೊಳಗೇ ಬಂದ ಊರಿನಲ್ಲಿ, ಆ ನೀರು ಕುಡಿದ ಯಂತ್ರದ್ದು ತಯಾರಿಕೆಯ ದೋಷವೆಂದು ಸಾಧಿಸಲು ಹೊರಟರೆ ನದಿಯೇ ಸಾಕ್ಷಿ ಹೇಳೀತು. ಎರಡನೆಯ ಆಕ್ಷೇಪಕ್ಕೆ ತೂಕ ಹೆಚ್ಚು: ವಾರಂಟಿ ಪತ್ರದಲ್ಲಿ ಬರೆದಿರುವುದು ರಿಪೇರಿ ಮಾತ್ರ. ಕ್ಲಚ್ಚಿನ ತಂಟೆಯಿದ್ದ ಮಾರುತಿ ಕಾರೊಂದರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೂಡ 2006ರಲ್ಲಿ, ವಾರಂಟಿ ಬಿಡಿಭಾಗಕ್ಕಷ್ಟೇ ಇದ್ದರೆ ಇಡೀ ಕಾರು ಬದಲಿಸಿ ಎನ್ನಲಾಗದು ಎಂದಿತು. ಸರಿ, ಕ್ಲಚ್ಚಿಗಾಗಿ ಕಾರು ಕೇಳುವುದು ಅತಿಯಾಯಿತು. ಆದರೆ ರಿಪೇರಿ ಎಂಬ ಷರತ್ತಿನ ಹೊಟ್ಟೆಯೊಳಗೆ ಇನ್ನೊಂದು ಷರತ್ತಿದೆ: ಅದು ರಿಪೇರಿಯಾಗಬೇಕು. ಮೂರನೆಯ ಮದರ್‌ಬೋರ್ಡ್ ಹಾಕಿದ ಮೇಲೂ ಪರದೆ ಕಪ್ಪಗೇ ಇದ್ದರೆ ಕಂಪನಿ ಮಾತು ಉಳಿಸಿಕೊಂಡಿತು ಎನ್ನುವುದು ಹೇಗೆ? 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 39ನೆಯ ಕಲಮು ದೋಷ ನಿವಾರಣೆಯ ಜೊತೆಗೆ ದೋಷವಿಲ್ಲದ ಹೊಸ ವಸ್ತು, ಇಲ್ಲವೇ ಹಣ ವಾಪಸು ಎಂಬ ದಾರಿಗಳನ್ನೂ ತೆರೆದಿಟ್ಟಿದೆ. ಮಾಲು ಪುಣೆಯದಾಗಲಿ, ಆನ್‌ಲೈನಿನದಾಗಲಿ, ಗಿರಾಕಿ ತಾನು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ಬೆಲೆ ಐದು ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ. ದೂರು ಕೊಡಲು ಅವಧಿ ಎರಡು ವರ್ಷ. ಪ್ರತಿ ರಿಪೇರಿಯ ಜಾಬ್ ಶೀಟ್ ಜೋಪಾನ ಮಾಡಿದವನ ಮಾತಿಗೆ ಅಲ್ಲಿ ಬೆಲೆ.

ಬದಲಿಯ ನೆಪದಲ್ಲಿ ಮೇಲಿನ ದರ್ಜೆಯದನ್ನು ಹೊಡೆಯುತ್ತಾರೆ ಎಂಬ ಗೊಣಗಾಟವೂ ಉಂಟು. ಹಳೆಯ ಮಾಡೆಲ್ ನಿಲ್ಲಿಸಿದ್ದು ಗಿರಾಕಿಯಲ್ಲವಲ್ಲ! ಹೋದ ವರ್ಷದ್ದು ಹಳತಾಯಿತೆಂದು ಡಂಗುರ ಹೊಡೆದವರೇ, ಬದಲಿ ಕೊಡುವಾಗ ಹೋದ ವರ್ಷದ್ದರ ಗುಣಗಾನಕ್ಕೆ ಇಳಿದರೆ ನಂಬುವವರು ಯಾರು? ಅದೇ ಮಾಡೆಲ್ಲಿನ ಇನ್ನೊಂದನ್ನು ಕೊಟ್ಟರೂ, ರೋಗ ಆ ವಿನ್ಯಾಸದ ರಕ್ತದಲ್ಲೇ ಇದ್ದರೆ ಬದಲಾದದ್ದು ಸೀರಿಯಲ್ ನಂಬರ್ ಮಾತ್ರ. ಇನ್ನು ಬೇರೊಬ್ಬರು ಮರಳಿಸಿದ್ದನ್ನೇ ಒರೆಸಿ ಕೊಡುವುದು, ಅದಕ್ಕೂ ಹಳೆಯ ವಾರಂಟಿಯ ಉಳಿಕೆ ದಿನಗಳನ್ನಷ್ಟೇ ಅಂಟಿಸುವುದು. ಆ ವಾರಂಟಿಯ ಮುಕ್ಕಾಲು ಪಾಲು ದಿನ ಯಂತ್ರ ಗಿರಾಕಿಯ ಮನೆಯಲ್ಲಿರಲಿಲ್ಲ, ಸರ್ವಿಸ್ ಸೆಂಟರಿನ ಕಪಾಟಿನಲ್ಲಿತ್ತು.